ಗಣಪತಿಯ ಪ್ರಹಸನದಿಂದ ಎರಡು ಮಾತು ಕತ್ತರಿಸಿದರು: ದೇವರ ಮುಂದೆ ಎಷ್ಟು ನಗಬಹುದು?

ಮೂಷಿಕವಾಹನ (ಚರ್ಚೆ ಆರಂಭಿಸಿದವರು)

ನಮ್ಮ ಬೀದಿಯ ಗಣೇಶೋತ್ಸವಕ್ಕೆ ಪ್ರತಿ ವರ್ಷ ಹುಡುಗರಿಗಾಗಿ ಒಂದು ಪ್ರಹಸನ ಬರೆದುಕೊಡುತ್ತೇನೆ. ಹನ್ನೆರಡು ವರ್ಷಗಳಿಂದ ನಡೆದುಬಂದ ಕೆಲಸ. ಸಂಭಾವನೆ ಒಂದು ಪೊಟ್ಟಣ ಪಂಚಕಜ್ಜಾಯ. ಈ ಸಲದ ಕಥೆ ಇಷ್ಟೇ: ಗಣಪತಿಯೂ ಇಲಿಯೂ ಹಬ್ಬಕ್ಕೆ ಒಂದು ದಿನ ಮೊದಲೇ ಊರಿಗೆ ಬರುತ್ತಾರೆ. ಚಂದಾ ರಸೀದಿ ತೋರಿಸದೆ ಪೆಂಡಾಲಿನೊಳಗೆ ಬಿಡುವುದಿಲ್ಲವೆಂದು ಸ್ವಯಂಸೇವಕರು ತಡೆಯುತ್ತಾರೆ. ಧ್ವನಿವರ್ಧಕದ ಅಬ್ಬರ ಕೇಳಿ ಗಣಪತಿ, "ಅಪ್ಪ ತಲೆ ಬದಲಿಸುವಾಗ ಕಿವಿಯಾದರೂ ಚಿಕ್ಕದು ನೋಡಿ ಇಡಬಾರದಿತ್ತೇ?" ಎನ್ನುತ್ತಾನೆ. ಕೊನೆಯ ದೃಶ್ಯದಲ್ಲಿ, "ಬರುವಾಗ ಮಡಿಲಲ್ಲಿ ಇಟ್ಟುಕೊಂಡು ತಂದಿರಿ, ಹೋಗುವಾಗ ಕ್ರೇನಿನ ಕೊಕ್ಕೆಗೆ ನೇತುಹಾಕುತ್ತೀರಿ" ಎಂಬ ಮಾತಿದೆ.

ಸಮಿತಿಯವರು ಈ ಎರಡನ್ನೂ ಕತ್ತರಿಸಲು ಹೇಳಿದ್ದಾರೆ. ಅಧ್ಯಕ್ಷರು ಓದುವಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ನನಗೇನೂ ಬೇಸರವಿಲ್ಲ, ಆದರೆ ಯಾರಿಗಾದರೂ ಬೇಸರವಾದರೆ? ಯಾರಾದರೂ ವಿಡಿಯೊ ಮಾಡಿ ಹಾಕಿದರೆ ಠಾಣೆಗೆ ಅಲೆಯುವವರು ಯಾರು?" ಎಂದರು. ಕಾರ್ಯದರ್ಶಿಗೂ ಬೇಸರವಿಲ್ಲವಂತೆ. ಅರ್ಚಕರಿಗೂ ಇಲ್ಲವಂತೆ. ಈ 'ಯಾರಿಗಾದರೂ' ಎನ್ನುವ ಮನುಷ್ಯನನ್ನು ನಾನು ಮೂರು ದಿನಗಳಿಂದ ಹುಡುಕುತ್ತಿದ್ದೇನೆ.

ನಾನು ನಾಸ್ತಿಕನಲ್ಲ. ಸಂಕಷ್ಟಿಯ ದಿನ ಚಂದ್ರದರ್ಶನವಾಗದೆ ಊಟ ಮಾಡುವವನಲ್ಲ. ಮಳೆಗಾಲದಲ್ಲಿ ಅದೆಷ್ಟೋ ಸಲ ಹಸಿದು ಮಲಗಿದ್ದೇನೆ. ಹಾಗಾಗಿ ಕೇಳುತ್ತಿದ್ದೇನೆ: ದೇವರನ್ನು ಇಟ್ಟುಕೊಂಡು ನಗುವುದಕ್ಕೆ ಗೆರೆ ಎಲ್ಲಿದೆ? ಅದನ್ನು ಎಳೆಯುವವರು ಯಾರು?

ಅರ್ಥಧಾರಿಯ ಮಗಳು

ನನ್ನ ತಂದೆ ಮೂವತ್ತು ವರ್ಷ ತಾಳಮದ್ದಳೆಯಲ್ಲಿ, ಎಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳಿದವರು. ಕೃಷ್ಣಸಂಧಾನ ಪ್ರಸಂಗವಾದರೆ ಅವರದು ಕೌರವ. ದೇವಸ್ಥಾನದ ಚಂದ್ರಶಾಲೆಯಲ್ಲಿ, ಒಳಗೆ ನಂದಾದೀಪ ಉರಿಯುತ್ತಿರುವಾಗಲೇ, ಕೃಷ್ಣನನ್ನು ಹಿಗ್ಗಾಮುಗ್ಗಾ ಹಂಗಿಸುತ್ತಿದ್ದರು. ದನ ಕಾಯುವವನಿಗೆ ರಾಜಸಭೆಯ ರೀತಿ ತಿಳಿಯುವುದು ಹೇಗೆ, ಸಂಧಾನಕ್ಕೆ ಬಂದವನ ತುಟಿಯಲ್ಲಿ ಇನ್ನೂ ಬೆಣ್ಣೆಯ ಜಿಡ್ಡು ಆರಿಲ್ಲವಲ್ಲ ಎಂದೆಲ್ಲ. ಎದುರಿಗೆ ಕುಳಿತ ಮಡಿ ಅಜ್ಜಿಯಂದಿರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅದರಲ್ಲಿ ಒಂದು ನಿಯಮವಿತ್ತು: ಕೃಷ್ಣನ ಪಾತ್ರಧಾರಿ ಅಲ್ಲೇ ಉತ್ತರ ಕೊಡಬೇಕು. ಕೊಡಲಾಗದಿದ್ದರೆ ಮರುದಿನ ಊರವರು ಬೈಯುತ್ತಿದ್ದದ್ದು ಆ ಕೃಷ್ಣನನ್ನು, ನನ್ನ ತಂದೆಯನ್ನಲ್ಲ. ದಾಸರ ನಿಂದಾಸ್ತುತಿ ಕೇಳಿದವರಿಗೆ ಇದು ಹೊಸದೇನಲ್ಲ. ದೇವರೊಡನೆ ಸಲುಗೆ ಇರುವವನು ಮಾತ್ರ ದೇವರನ್ನು ಬೈಯಬಲ್ಲ.

ಆದರೆ ಇದನ್ನು ಹೇಳಿ ನಾನು ಎದೆ ಉಬ್ಬಿಸಿಕೊಳ್ಳಲಾರೆ. ಅದೇ ಕರಾವಳಿಯ ಯಕ್ಷಗಾನ ಆಟಗಳಲ್ಲಿ ಹಾಸ್ಯಗಾರರು ಬ್ಯಾರಿ ಮುಸಲ್ಮಾನರ ಕನ್ನಡವನ್ನು, ಕೊಂಕಣಿಯವರ ಕನ್ನಡವನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಅಲ್ಲಿ ಎದುರು ಕುಳಿತು ಅರ್ಥದಲ್ಲೇ ಉತ್ತರ ಕೊಡುವ ಕೃಷ್ಣ ಯಾರೂ ಇರಲಿಲ್ಲ. ನಾನೂ ನಕ್ಕಿದ್ದೇನೆ. ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ಕಡ್ಡಿ ಮುರಿದಂತೆ

ಎಲ್ಲ ಚೆನ್ನಾಗಿದೆ. ಆದರೆ ಯಾವಾಗಲೂ ಗಣಪತಿಯೇ ಏಕೆ? ನಮ್ಮ ದೇವರಾದರೆ ಸಲುಗೆ, ಪ್ರಹಸನ, ನಿಂದಾಸ್ತುತಿ. ಬೇರೆಯವರ ವಿಷಯ ಬಂದಾಗ ಎಲ್ಲ ಹಾಸ್ಯಗಾರರಿಗೂ ಒಮ್ಮೆಲೇ ಗಂಟಲು ಕಟ್ಟುತ್ತದೆ. ಧೈರ್ಯವಿದ್ದರೆ ಅಲ್ಲಿಯೂ ಒಂದು ಮಾತು ಬರೆಯಲಿ ಮೂಷಿಕವಾಹನರು. ಪ್ಯಾರಿಸ್‌ನಲ್ಲಿ 2015ರ ಜನವರಿ 7ರಂದು ವ್ಯಂಗ್ಯಚಿತ್ರ ಪತ್ರಿಕೆಯೊಂದರ ಕಚೇರಿಗೆ ನುಗ್ಗಿ ಹನ್ನೆರಡು ಜನರನ್ನು ಕೊಂದದ್ದನ್ನು ಮರೆತು ಇಲ್ಲಿ ಪಂಚಕಜ್ಜಾಯದ ಕಥೆ ಹೇಳುತ್ತಿದ್ದೀರಿ.

ಮೂಷಿಕವಾಹನ

ಕಡ್ಡಿಯವರೇ, ನನಗೆ ಗೊತ್ತಿರುವ ಮನೆಯ ಬಾಗಿಲನ್ನು ಮಾತ್ರ ತಟ್ಟಬಲ್ಲೆ. ಗಣಪತಿಯ ಹೊಟ್ಟೆ ಒಡೆದದ್ದು, ಹಾವು ಬಿಗಿದುಕೊಂಡದ್ದು, ಚಂದ್ರ ನಕ್ಕದ್ದು, ಇವನ್ನೆಲ್ಲ ಅಜ್ಜಿಯ ತೊಡೆಯ ಮೇಲೆ ಕೇಳಿ ಬೆಳೆದವನು ನಾನು. ಪಕ್ಕದ ಮನೆಯ ಅಜ್ಜಿ ಏನು ಹೇಳುತ್ತಿದ್ದರೆಂದು ತಿಳಿಯದೆ ಏನು ಬರೆಯಲಿ? (ಅಂದಹಾಗೆ, ನಕ್ಕ ಚಂದ್ರನಿಗೆ ಶಾಪ ಬಿತ್ತು. ಅದು ಈ ಚರ್ಚೆಗೆ ಒಳ್ಳೆಯ ಶಕುನವಲ್ಲ.)

ಶಿವಾಜಿನಗರದ ಹಳಬ

ಪಕ್ಕದ ಮನೆಯವನು ನಾನೇ ಇರಬಹುದು, ಹೇಳುತ್ತೇನೆ.

1986ರ ಡಿಸೆಂಬರ್. ನಾನು ಏಳನೆಯ ತರಗತಿ. ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಮಲಯಾಳದಿಂದ ಅನುವಾದವಾದ ಒಂದು ಸಣ್ಣಕಥೆ ಬಂತು. ಬುದ್ಧಿ ಬೆಳೆಯದ ಒಬ್ಬ ಹುಡುಗನ ಕಥೆ. ಆ ಹುಡುಗನ ಹೆಸರು ಪ್ರವಾದಿಯವರ ಹೆಸರೇ ಆಗಿತ್ತು, ಶೀರ್ಷಿಕೆಯಲ್ಲೂ ಅದೇ ಇತ್ತು. ನಮ್ಮಲ್ಲಿ ಮನೆಗೊಬ್ಬನಿಗೆ ಆ ಹೆಸರಿದೆ. ಆದರೆ ಬೀದಿಗೆ ಬಂದ ಸುದ್ದಿ ಬೇರೆ: ಪೈಗಂಬರರಿಗೆ ಅವಮಾನವಾಗಿದೆ ಎಂದು. ನಮ್ಮ ಬೀದಿಯಲ್ಲಿ ಆ ಪತ್ರಿಕೆ ತರಿಸುತ್ತಿದ್ದವರು ಯಾರೂ ಇರಲಿಲ್ಲ. ಇಂಗ್ಲಿಷ್ ಓದಬಲ್ಲವರು ಇಬ್ಬರೋ ಮೂವರೋ. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಗಲಭೆ, ಗೋಲಿಬಾರು, ಕರ್ಫ್ಯೂ. ಹದಿನೈದಕ್ಕೂ ಹೆಚ್ಚು ಜನ ಸತ್ತರು. ಹಾಲು ತರಲು ಹೋದ ಅಬ್ಬಾ ಮೂರು ಗಂಟೆ ತಡವಾಗಿ ಬಂದಾಗ ಅಮ್ಮಿ ಅವರನ್ನು ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಆ ಕಥೆಯಲ್ಲಿ ವಿಡಂಬನೆಯೇ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ನಡೆದದ್ದು ಬೇರೆ. ಅಲ್ಲಿ ಫೇಸ್‌ಬುಕ್‌ನಲ್ಲಿ ಬಂದ ಬರಹ ನಿಜಕ್ಕೂ ಹೀನವಾಗಿತ್ತು. ಅದಕ್ಕೆ ಉತ್ತರವಾಗಿ ಶಾಸಕರೊಬ್ಬರ ಮನೆಗೆ ಬೆಂಕಿ ಹಚ್ಚಿದರು, ಠಾಣೆಯ ಮುಂದೆ ವಾಹನಗಳು ಉರಿದವು, ಗೋಲಿಬಾರಿನಲ್ಲಿ ಮೂವರು ಸತ್ತರು. ನೋವಾಗಿದೆ ಎಂಬುದು ಒಪ್ಪುವ ಮಾತು. ನೋವಾದವನ ಕೈಯಲ್ಲಿ ಪೆಟ್ರೋಲ್ ಬಂದದ್ದು ಹೇಗೆ ಎಂದು ನಮ್ಮ ಮೊಹಲ್ಲಾದಲ್ಲಿ ಕೇಳಿದವರು ಕಡಿಮೆ. ಕೇಳಿದ್ದಕ್ಕೆ ನನಗೆ ಎರಡು ತಿಂಗಳು ಚಹಾದ ಅಂಗಡಿಯಲ್ಲಿ ಯಾರೂ ಸಲಾಮ್ ಹೇಳಲಿಲ್ಲ.

ಕಡ್ಡಿಯವರೇ, ನಮಗೆ ನಗಲು ಬರುವುದಿಲ್ಲ ಎಂದು ಮಾತ್ರ ಹೇಳಬೇಡಿ. ಉರ್ದು ಶಾಯರಿಯಲ್ಲಿ ಶೇಖ್, ವಾಯಿಜ್ ಎಂಬ ಉಪದೇಶಕರು ಇರುವುದೇ ಗೇಲಿಗೆ. ಗಾಲಿಬ್‌ನನ್ನು 1857ರ ನಂತರ ಇಂಗ್ಲಿಷ್ ಅಧಿಕಾರಿಯೊಬ್ಬ, ನೀನು ಮುಸಲ್ಮಾನನೇ ಎಂದು ಕೇಳಿದಾಗ, "ಅರ್ಧ: ಮದ್ಯ ಕುಡಿಯುತ್ತೇನೆ, ಹಂದಿ ತಿನ್ನುವುದಿಲ್ಲ" ಎಂದನೆಂಬ ಮಾತನ್ನು ನಮ್ಮ ಮೌಲ್ವಿಗಳೇ ಹೇಳಿ ನಗುತ್ತಾರೆ. ಫಾರಸಿಯಲ್ಲಿ ಒಂದು ಹಳೆಯ ಮಾತಿದೆ: ಬಾ ಖುದಾ ದೀವಾನಾ ಬಾಶೊ, ಬಾ ಮುಹಮ್ಮದ್ ಹೋಶಿಯಾರ್. ದೇವರೊಡನೆ ಹುಚ್ಚನಾಗಿರು, ಪ್ರವಾದಿಯೊಡನೆ ಎಚ್ಚರವಾಗಿರು. ದೇವರ ಜೊತೆ ಜಗಳವಾಡಿದ ಸೂಫಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪ್ರವಾದಿ ಎಂದಾಗ ಮಾತ್ರ ಎಲ್ಲರೂ ತಂದೆಯನ್ನು ಬೈಸಿಕೊಂಡ ಮಕ್ಕಳಾಗುತ್ತಾರೆ. ಇದು ಸರಿಯೋ ತಪ್ಪೋ, ಗೆರೆ ಇರುವುದು ಅಲ್ಲಿ.

ಒಳಮನೆ

ಹಳಬರೇ, ತಂದೆಯ ಹೋಲಿಕೆ ಕೊಟ್ಟಿರಿ, ಅದು ನನಗೆ ಅರ್ಥವಾಗುತ್ತದೆ. ನಾನು ದಿನಕ್ಕೆ ಎರಡು ಹೊತ್ತು ದೇವರ ಮನೆಯಲ್ಲಿ ಕೂರುವವಳು. ಬುದ್ಧಿವಂತರೆಲ್ಲ 'ಭಾವನೆಗೆ ಧಕ್ಕೆ' ಎನ್ನುವುದನ್ನು ಬೆರಳಿನಿಂದ ಗಾಳಿಯಲ್ಲಿ ಕೊಕ್ಕೆ ಬರೆದು ಹೇಳುತ್ತಾರೆ, ಅದೊಂದು ನಾಟಕವೆಂಬಂತೆ. ನಾಟಕವಲ್ಲ. ಕೆಲವು ವರ್ಷಗಳ ಹಿಂದೆ ಮದುವೆಮನೆಯೊಂದರಲ್ಲಿ ಒಬ್ಬ ಯುವಕ ಗೌರಿ ಮಣ್ಣಿನಿಂದ, ಮೈಯ ಕೊಳೆಯಿಂದ ಮಗನನ್ನು ಮಾಡಿದ ಕಥೆಯನ್ನು ಹೇಸಿಗೆ ಹುಟ್ಟುವಂತೆ ಹೇಳಿ ನಗಿಸುತ್ತಿದ್ದ. ಮಕ್ಕಳಾಗದೆ ಹದಿನಾಲ್ಕು ವರ್ಷ ಗೌರಿಯ ವ್ರತ ಹಿಡಿದ ನನ್ನ ಅತ್ತಿಗೆ ಅಲ್ಲೇ ಕುಳಿತಿದ್ದಳು. ಅವಳು ಎದ್ದು ಹೋಗಿ ಕೈ ತೊಳೆಯುವ ಜಾಗದಲ್ಲಿ ಸುಮ್ಮನೆ ನಿಂತಿದ್ದಳು. ಅವನನ್ನು ಜೈಲಿಗೆ ಹಾಕಬೇಕಿತ್ತೇ? ಬೇಡ. ಒಂದು ಕಪಾಳಕ್ಕೆ ಕೊಡಬೇಕು ಎನಿಸಿತೇ? ಹೌದು, ಎನಿಸಿತು. ಕೊಡಲಿಲ್ಲ.

ಮೂಷಿಕವಾಹನರ ಕಿವಿಯ ಮಾತಿಗೆ ನಾನು ನಕ್ಕೆ. ಅದರಲ್ಲಿ ಗಣಪತಿ ನಮ್ಮ ಪರವಾಗಿ ಮಾತನಾಡುತ್ತಿದ್ದಾನೆ.

ನಿವೃತ್ತ ವಕೀಲ

ಅಧ್ಯಕ್ಷರ 'ಯಾರಿಗಾದರೂ' ಕಾನೂನಿನೊಳಗೆ ಹೇಗೆ ಬಂದು ಕುಳಿತ ಎಂಬುದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

1924ರ ಸುಮಾರಿಗೆ ಲಾಹೋರಿನಲ್ಲಿ ರಾಜಪಾಲ್ ಎಂಬ ಪ್ರಕಾಶಕ ಪ್ರವಾದಿಯವರ ಖಾಸಗಿ ಬದುಕನ್ನು ಹೀಯಾಳಿಸುವ ಒಂದು ಕಿರುಹೊತ್ತಗೆ ಪ್ರಕಟಿಸಿದ. ಆಗ ಇದ್ದ 153ಎ ಕಲಮು ಸಮುದಾಯಗಳ ನಡುವೆ ದ್ವೇಷ ಹಬ್ಬಿಸುವುದಕ್ಕೆ ಸಂಬಂಧಿಸಿದ್ದು. ತೀರಿಹೋದ ಧರ್ಮಗುರುವಿನ ಮೇಲಿನ ಟೀಕೆಗೆ ಅದು ಅನ್ವಯಿಸುವುದಿಲ್ಲವೆಂದು ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ 1927ರಲ್ಲಿ ಅವನನ್ನು ಬಿಡುಗಡೆ ಮಾಡಿದರು. ಊರು ಹೊತ್ತಿಕೊಂಡಿತು. ಅದೇ ವರ್ಷ ಸರ್ಕಾರ, ಧಾರ್ಮಿಕ ಭಾವನೆಗೆ ಧಕ್ಕೆ ತರುವುದನ್ನು ಅಪರಾಧವಾಗಿಸುವ 295ಎ ಕಲಮನ್ನು ದಂಡಸಂಹಿತೆಗೆ ಸೇರಿಸಿತು. ಕರಡಿನ ಚರ್ಚೆಯಲ್ಲಿ ಜಿನ್ನಾ, ಪ್ರಾಮಾಣಿಕವಾಗಿ ಧರ್ಮವನ್ನು ವಿಮರ್ಶಿಸುವವರಿಗೂ ಇತಿಹಾಸ ಬರೆಯುವವರಿಗೂ ಈ ಕಾನೂನಿನಿಂದ ರಕ್ಷಣೆ ಇರಬೇಕೆಂದು ಒತ್ತಿ ಹೇಳಿದ್ದರು. ಅದಕ್ಕೇ ಅದರಲ್ಲಿ 'ಉದ್ದೇಶಪೂರ್ವಕ ಹಾಗೂ ದುರುದ್ದೇಶದ' ಎಂಬ ಎರಡು ಬೀಗಗಳಿವೆ. ಕಾನೂನು ಬಂದದ್ದರಿಂದ ರಾಜಪಾಲನ ಪ್ರಾಣವೇನೂ ಉಳಿಯಲಿಲ್ಲ. 1929ರ ಏಪ್ರಿಲ್‌ನಲ್ಲಿ ಇಲ್ಮುದ್ದೀನ್ ಎಂಬ ಯುವಕ ಅವನನ್ನು ಇರಿದು ಕೊಂದ, ಅದೇ ವರ್ಷ ಗಲ್ಲಿಗೇರಿದ.

1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ಆದರೆ ದುರುದ್ದೇಶದಿಂದ ಮಾಡಿದ ತೀವ್ರ ಸ್ವರೂಪದ ಅವಮಾನ ಮಾತ್ರ ಅಪರಾಧ, ಅಜಾಗರೂಕತೆಯಿಂದ ಆಡಿದ ಮಾತಲ್ಲ ಎಂದೂ ಹೇಳಿತು. 2024ರ ಜುಲೈ 1ರಿಂದ ಇದೇ ಕಲಮು ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ. ಮೂರು ವರ್ಷದವರೆಗೆ ಶಿಕ್ಷೆ, ಜಾಮೀನು ಹಕ್ಕಿನದಲ್ಲ.

ಗುಟ್ಟು ಇರುವುದು ಇಲ್ಲಿ. ನ್ಯಾಯಾಲಯ ಈ ಅಪರಾಧದ ವಿಚಾರಣೆಗೆ ಕೈಹಾಕಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಎಫ್‌ಐಆರ್ ದಾಖಲಿಸಲು, ಬಂಧಿಸಲು ಅದು ಬೇಕಿಲ್ಲ. ಎಂದರೆ ಬೀಗಗಳೆಲ್ಲ ಗರ್ಭಗುಡಿಗೆ, ಹೆಬ್ಬಾಗಿಲು ಸದಾ ತೆರೆದಿದೆ. ಕ್ರಿಕೆಟಿಗ ಧೋನಿಯವರನ್ನು ವಿಷ್ಣುವಿನ ರೂಪದಲ್ಲಿ ಪತ್ರಿಕೆಯೊಂದು 2013ರಲ್ಲಿ ಮುಖಪುಟಕ್ಕೆ ಹಾಕಿದಾಗ ಬೆಂಗಳೂರಿನಲ್ಲೂ ಆಂಧ್ರದ ಅನಂತಪುರದಲ್ಲೂ ಖಾಸಗಿ ದೂರುಗಳಾದವು. ದುರುದ್ದೇಶವಿಲ್ಲದೆ ಈ ಕಲಮು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವಾಗ 2017. ಧೋನಿಯವರಿಗೆ ದೆಹಲಿಯಲ್ಲಿ ಹಿರಿಯ ವಕೀಲರು ಸಿಗುತ್ತಾರೆ. ಬೀದಿ ಪ್ರಹಸನದ ಇಲಿ ಪಾತ್ರದ ಹುಡುಗನಿಗೆ ಸಿಗುವವನು ನನ್ನಂಥವನು, ಅದೂ ಮಧ್ಯಾಹ್ನ ಮೂರು ಗಂಟೆಯ ನಂತರ. ಅಧ್ಯಕ್ಷರು ಹೇಡಿಯಲ್ಲ, ಲೆಕ್ಕ ತಿಳಿದವರು.

ಕಡ್ಡಿ ಮುರಿದಂತೆ

ವಕೀಲರೇ, ನಿಮ್ಮ ಮಾತಿನಂತೆ ಕಾನೂನು ತೆಗೆದುಬಿಟ್ಟರೆ ಡಿ.ಜೆ. ಹಳ್ಳಿಗಳು ಹೆಚ್ಚುತ್ತವೆ. ದೂರು ಕೊಡಲು ಠಾಣೆಯಾದರೂ ಇದೆ ಎಂದು ಜನ ಕಲ್ಲು ಕೆಳಗಿಡುತ್ತಾರೆ.

ನಿವೃತ್ತ ವಕೀಲ

ಇಡುತ್ತಾರೆಯೇ? ಹಾಸ್ಯಗಾರ ಮುನವ್ವರ್ ಫಾರೂಕಿ 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧಿತರಾಗಿ ಒಂದು ತಿಂಗಳಿಗೂ ಹೆಚ್ಚು ಕಾಲ ಒಳಗಿದ್ದರು. ಅದೇ ವರ್ಷ ನವೆಂಬರ್ 28ಕ್ಕೆ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಅವರ ಕಾರ್ಯಕ್ರಮವನ್ನು ರದ್ದುಪಡಿಸಲು ಪೊಲೀಸರು ಆಯೋಜಕರಿಗೆ ಪತ್ರ ಬರೆದರು. ಕಾರಣ, ಶಾಂತಿ ಕದಡಬಹುದು. ಕದಡುವವರನ್ನು ತಡೆಯುವ ಬದಲು ಮಾತನಾಡುವವನನ್ನು ತಡೆದರೆ, ಕಲ್ಲು ಕೈಯಲ್ಲಿದ್ದವನು ಏನು ಕಲಿಯುತ್ತಾನೆ? ಗಟ್ಟಿಯಾಗಿ ಬೆದರಿಸಿದರೆ ಕೆಲಸವಾಗುತ್ತದೆ ಎಂದು. ಎಲ್ಲ ಧರ್ಮದವರೂ ಈ ಪಾಠವನ್ನು ಚೆನ್ನಾಗಿ ಕಲಿತಿದ್ದಾರೆ. ಪ್ಯಾರಿಸ್ ನೆನಪಿಸಿದಿರಿ, ಆ ಪತ್ರಿಕೆಯ ಮುಖಪುಟವನ್ನು ಮರುಮುದ್ರಿಸಿದ್ದಕ್ಕೆ ಅದೇ ತಿಂಗಳು ಮುಂಬಯಿ ಬಳಿ ಬಂಧಿತರಾದವರು ಶಿರೀನ್ ದಳವಿ, ಉರ್ದು ಪತ್ರಿಕೆಯೊಂದರ ಸಂಪಾದಕಿ. ಕೆಲಸವೂ ಹೋಯಿತು. ಅವರ ಪರವಾಗಿ ನಮ್ಮಲ್ಲಿ ಎಷ್ಟು ಜನ ಮೇಣದಬತ್ತಿ ಹಚ್ಚಿದೆವು?

ಮಲಪ್ರಭಾ ತೀರ

ನಮ್ಮ ಮನೆಯದೇ ಲೆಕ್ಕ ಒಪ್ಪಿಸುತ್ತೇನೆ. ನಾವು ಲಿಂಗಾಯತರು. ಕಲ್ಲನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲುವವರನ್ನು ಬಸವಣ್ಣ ಗೇಲಿ ಮಾಡಿದ ವಚನ ನಮ್ಮ ಪಡಸಾಲೆಯ ಕ್ಯಾಲೆಂಡರಿನಲ್ಲಿತ್ತು. ಹನ್ನೆರಡನೆಯ ಶತಮಾನದಲ್ಲಿ ಯಾರೋ ಒಬ್ಬರ ಭಾವನೆಗೆ ಅದರಿಂದ ಧಕ್ಕೆಯಾಗಿಯೇ ಇರಬೇಕು. ಅದೇ ಪಡಸಾಲೆಯಲ್ಲಿ ಕುಳಿತು, ಪಿ.ವಿ. ನಾರಾಯಣ ಅವರು ಬಸವಣ್ಣನ ಕುರಿತು ಬರೆದ 'ಧರ್ಮಕಾರಣ' ಕಾದಂಬರಿಯನ್ನು ನಿಷೇಧಿಸಬೇಕೆಂಬ ಮನವಿಗೆ ನಮ್ಮ ಅಪ್ಪ ಸಹಿ ಹಾಕಿದರು. ಬಸವಣ್ಣನ ಸೋದರಿ ಅಕ್ಕನಾಗಮ್ಮನ ಕುರಿತಾದ ಭಾಗದ ಮೇಲೆ ಆಕ್ಷೇಪ. ಅಪ್ಪ ಅದನ್ನು ಓದಿರಲಿಲ್ಲ. ಸಹಿ ಮಾಡಿಸಲು ಬಂದವರೂ ಓದಿರಲಿಲ್ಲ, ಒಂದು ಪುಟದ ನೆರಳಚ್ಚು ತಂದಿದ್ದರು. ಸರ್ಕಾರ ಕಾದಂಬರಿಯನ್ನು ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೂ ಹೋದರು. 2007ರಲ್ಲಿ ಅಲ್ಲಿಯೂ ಸರ್ಕಾರವೇ ಗೆದ್ದಿತು.

ಅದು ವಿಡಂಬನೆಯಲ್ಲ, ಗಂಭೀರ ಕಾದಂಬರಿ ಎಂದು ಯಾರಾದರೂ ಹೇಳಬಹುದು. ನಾನು ಹೇಳುತ್ತಿರುವುದೂ ಅದನ್ನೇ. ಗೇಲಿಗೆಂದು ಹೆಣೆದ ಬಲೆಯಲ್ಲಿ ಗೇಲಿ ಸಿಕ್ಕಿಬೀಳುವುದು ಕಡಿಮೆ. ಕಥೆ ಸಿಗುತ್ತದೆ, ಸಂಶೋಧನೆ ಸಿಗುತ್ತದೆ, ಹಳಬರು ಹೇಳಿದ ಬುದ್ಧಿ ಬೆಳೆಯದ ಹುಡುಗ ಸಿಗುತ್ತಾನೆ.

ಉತ್ತರದ ಚಳಿ

ಕೋಪನ್‌ಹೇಗನ್‌ನಲ್ಲಿ ಹದಿನಾರು ವರ್ಷಗಳಿಂದಿದ್ದೇನೆ. 2005ರ ಸೆಪ್ಟೆಂಬರ್ 30ರಂದು ಡೆನ್ಮಾರ್ಕಿನ ದಿನಪತ್ರಿಕೆಯೊಂದು ಪ್ರವಾದಿಯವರ ಹೆಸರಿನಲ್ಲಿ ಹನ್ನೆರಡು ವ್ಯಂಗ್ಯಚಿತ್ರ ಪ್ರಕಟಿಸಿ, ಮರುವರ್ಷ ಡಮಾಸ್ಕಸ್, ಬೈರೂತ್‌ಗಳಲ್ಲಿ ಡ್ಯಾನಿಷ್ ರಾಜತಾಂತ್ರಿಕ ಕಚೇರಿಗಳು ಉರಿದದ್ದು ನಿಮಗೆ ಗೊತ್ತು. ಚಿತ್ರ ಬರೆದವರಲ್ಲಿ ಒಬ್ಬರಾದ ಕುರ್ಟ್ ವೆಸ್ಟರ್‌ಗಾರ್ಡ್ ಅವರ ಮನೆಗೆ 2010ರ ಹೊಸವರ್ಷದ ದಿನ ಕೊಡಲಿ ಹಿಡಿದವನೊಬ್ಬ ನುಗ್ಗಿದ. ಕಾವಲಿನಲ್ಲೇ ಬದುಕಿ ಅವರು 2021ರಲ್ಲಿ ತೀರಿಕೊಂಡರು.

ಇಲ್ಲಿಯೂ ದೈವನಿಂದೆಯ ಕಾನೂನು ಇತ್ತು. ಕೊನೆಯ ಸಲ ಶಿಕ್ಷೆಯಾದದ್ದು 1946ರಲ್ಲಿ, ವೇಷ ಕಟ್ಟಿದ ನೃತ್ಯಕೂಟದಲ್ಲಿ ಅಣಕು ದೀಕ್ಷಾಸ್ನಾನ ನಡೆಸಿದ್ದಕ್ಕೆ. 2017ರಲ್ಲಿ ಆ ಕಾನೂನನ್ನೇ ತೆಗೆದರು. ಆರೇ ವರ್ಷ. ಕುರಾನ್ ಸುಡುವ ಪ್ರದರ್ಶನಗಳು ಹೆಚ್ಚಿ, 2023ರ ಡಿಸೆಂಬರ್‌ನಲ್ಲಿ ಪವಿತ್ರ ಗ್ರಂಥಗಳನ್ನು ಬಹಿರಂಗವಾಗಿ ಅಪಮಾನಿಸುವುದನ್ನು ತಡೆಯುವ ಹೊಸ ಕಾನೂನು ಬಂತು. ಪರ 94, ವಿರುದ್ಧ 77. ಬಾಗಿಲಲ್ಲಿ ಕಳುಹಿಸಿದ್ದು ಕಿಟಕಿಯಲ್ಲಿ ಬಂತು ಎಂದು ಅಂದು ನನ್ನ ಕಚೇರಿಯಲ್ಲಿ ಅನೇಕರು ಕೆರಳಿದ್ದರು.

ನನ್ನದೊಂದು ಸಣ್ಣ ಅನುಭವ. ನನ್ನ ಮೇಜಿನ ಮೇಲಿನ ಪುಟ್ಟ ಗಣಪತಿಯನ್ನು ನೋಡಿ ಸಹೋದ್ಯೋಗಿಯೊಬ್ಬ, ಇಷ್ಟು ದೊಡ್ಡ ಕಿವಿ ಇಟ್ಟುಕೊಂಡು ಕಂಪ್ಯೂಟರ್ ದುರಸ್ತಿಗೆ ಕರೆದರೂ ನಿಮ್ಮ ದೇವರಿಗೆ ಕೇಳಿಸುವುದಿಲ್ಲವೇ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂಷಿಕವಾಹನರ ಮಾತೂ ಕಿವಿಯದೇ. ಅದನ್ನು ಓದಿ ಬಾಯ್ತುಂಬ ನಗು ಬಂತು. ಇವನದಕ್ಕೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತು ಜನರ ಕೊಠಡಿಯಲ್ಲಿ ಆ ದೇವರು ಇದ್ದದ್ದು ನನ್ನೊಬ್ಬನ ಮೇಜಿನ ಮೇಲೆ. ದೂರು ಕೊಡುವ ಯೋಚನೆ ಬರಲಿಲ್ಲ. ಮರುದಿನ ಗಣಪತಿಯನ್ನು ಮನೆಗೆ ತಂದೆ. ಅದು ತಪ್ಪು ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ.

ಅರ್ಥಧಾರಿಯ ಮಗಳು

ವಾಪಸ್ ಒಯ್ದು ಇಡಿ ಅಣ್ಣಾ. ಉತ್ತರ ಕೊಡಬೇಕಾದ ಕೃಷ್ಣ ಎದ್ದು ಹೋದರೆ ಪ್ರಸಂಗ ಮುಂದುವರಿಯುವುದು ಹೇಗೆ?

ಕಡ್ಡಿ ಮುರಿದಂತೆ

ಅದನ್ನೇ ನಾನೂ ಹೇಳುತ್ತಿದ್ದೆ, ಬೇರೆ ದನಿಯಲ್ಲಿ. ಹಳಬರ ಆ ಚಹಾದ ಅಂಗಡಿಯ ಮಾತಿಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ. ನನ್ನ ಬೀದಿಯಲ್ಲಿ ಅಂಥ ಪ್ರಶ್ನೆ ನಾನು ಕೇಳಿಲ್ಲ.

ಶಿವಾಜಿನಗರದ ಹಳಬ

ಈಗ ಸಲಾಮ್ ಹೇಳುತ್ತಾರೆ, ಚಿಂತಿಸಬೇಡಿ. ಚಹಾದ ಬೆಲೆ ಏರಿದ ಮೇಲೆ ಎಲ್ಲರ ಸಿಟ್ಟೂ ಅತ್ತ ತಿರುಗಿತು.

ಮೂಷಿಕವಾಹನ

ಪ್ರಹಸನ ನಿನ್ನೆ ರಾತ್ರಿ ಮುಗಿಯಿತು. ಇಲ್ಲಿಯವರೆಗೆ ಓದಿದವರಿಗೆ ವರದಿ ಒಪ್ಪಿಸಬೇಕಲ್ಲ.

ವಕೀಲರ ಬರಹವನ್ನು ಮುದ್ರಿಸಿಕೊಂಡು ಅಧ್ಯಕ್ಷರ ಮನೆಗೆ ಹೋಗಿದ್ದೆ. 'ದುರುದ್ದೇಶ' ಎಂಬ ಪದದ ಕೆಳಗೆ ಗೆರೆ ಎಳೆದು ತೋರಿಸಿದೆ. ಅವರು ಅರ್ಚಕರಿಗೆ ಫೋನ್ ಮಾಡಿದರು. ಅರ್ಚಕರು, "ಕಿವಿಯ ಮಾತು ಇರಲಿ ಮಾರಾಯರೇ, ಆ ಧ್ವನಿವರ್ಧಕದಿಂದ ನನಗೇ ಮಂತ್ರ ತಪ್ಪುತ್ತದೆ" ಎಂದರು. ಹಾಗಾಗಿ ಕಿವಿ ಉಳಿಯಿತು. ದೊಡ್ಡ ನಗು ಬಂತು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ನಗುತ್ತಲೇ ಗಣಪತಿಯ ಕಡೆ ತಿರುಗಿ ಕೆನ್ನೆ ಬಡಿದುಕೊಂಡರು.

ಕ್ರೇನಿನ ಮಾತು ಮಾತ್ರ ಹೋಯಿತು. ಎಷ್ಟು ಕೇಳಿದರೂ ಅಧ್ಯಕ್ಷರು ಒಪ್ಪಲಿಲ್ಲ. ಇದರಲ್ಲಿ ಯಾವ ದೇವರಿಗೆ ಅವಮಾನ ಎಂದು ನಾನು ಜಗಳಕ್ಕೇ ನಿಂತೆ. ಕೊನೆಗೆ ಅವರು ಕಪಾಟಿನಿಂದ ರಸೀದಿ ಪುಸ್ತಕ ತೆಗೆದು ಒಂದು ಹಾಳೆ ತೋರಿಸಿದರು. ಕ್ರೇನಿನ ಮಾಲೀಕರು ಈ ವರ್ಷ ಇಪ್ಪತ್ತೈದು ಸಾವಿರ ರೂಪಾಯಿ ಕೊಟ್ಟಿದ್ದಾರೆ.